ಹೊಸ ವರ್ಷದ ಪಣವೂ ನಯಸೇನನ ಊರೂ

ಜನವರಿ ಒಂದಕ್ಕೆ ತೊಟ್ಟ ಪಣ ಸಂಕ್ರಾಂತಿಯ ಕುಸುರೆಳ್ಳು ಹಂಚುವ ಹೊತ್ತಿಗೆ ಮರೆತುಹೋಗಿರುತ್ತದೆ ಎಂದು ನಗುವವರು ಎಲ್ಲ ಊರಲ್ಲೂ ಇದ್ದಾರೆ, ಮುಳಗುಂದದಲ್ಲೂ ಇದ್ದಾರೆ. ಆದರೆ ಗದಗದಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯ ಈ ಊರಿಗೆ ವ್ರತ-ನೇಮಗಳ ಮಾತಿನಲ್ಲಿ ಒಂದು ಹಿರಿತನವಿದೆ. ನಯಸೇನ ‘ಧರ್ಮಾಮೃತ’ ಬರೆದದ್ದು ಇಲ್ಲಿ, ಕ್ರಿ.ಶ. 1112ರ ಸುಮಾರಿಗೆ. ಕನ್ನಡದ ನಡುವೆ ಬೇಡದ ಸಂಸ್ಕೃತ ತುರುಕುವವರನ್ನು ಗೇಲಿ ಮಾಡಿದ ಜೈನ ಕವಿ ಅವನು. ಅವನ ಕೃತಿಯ 14 ಆಶ್ವಾಸಗಳಲ್ಲಿ ಒಂದು ಸಮ್ಯಗ್ದರ್ಶನಕ್ಕೆ (ಸರಿಯಾದ ಶ್ರದ್ಧೆಗೆ), ಎಂಟು ಅದರ ಅಂಗಗಳಿಗೆ, ಉಳಿದ ಐದು ಗೃಹಸ್ಥರ ಅಣುವ್ರತಗಳಿಗೆ, ಎಂದರೆ ಚಿಕ್ಕ ವ್ರತಗಳಿಗೆ, ಮೀಸಲು. ಹಿಡಿದದ್ದನ್ನು ಬಿಡದೆ ನಡೆಸುವುದು ಹೇಗೆ ಎಂಬುದನ್ನು ಮನೆಮಾರು ನಡೆಸುವವರಿಗೆ ಕಥೆ ಕಟ್ಟಿ ಹೇಳಿದ ಪುಸ್ತಕವದು. ಹೊಸ ವರ್ಷದ ಪಣಗಳ ಬಗ್ಗೆ ನಮ್ಮಲ್ಲಿ ಬೇರೂರಿದ ಕೆಲವು ನಂಬಿಕೆಗಳನ್ನು ಈ ಹಳೆಯ ತಿಳಿವಳಿಕೆಯ ಪಕ್ಕದಲ್ಲಿಟ್ಟು ನೋಡಿದರೆ ಹಲವು ನಿಲ್ಲುವುದಿಲ್ಲ.

ನಂಬಿಕೆ: ಹೊಸ ವರ್ಷದ ಪಣ ಯಾರದೂ ಉಳಿಯುವುದಿಲ್ಲ.

ಸತ್ಯ: ಬಹಳಷ್ಟು ಮುರಿಯುತ್ತವೆ, ಎಲ್ಲವೂ ಅಲ್ಲ. ಅಮೆರಿಕದ ಮನೋವಿಜ್ಞಾನಿ ಜಾನ್ ನಾರ್‌ಕ್ರಾಸ್ ಪಣ ತೊಟ್ಟವರ ಬೆನ್ನುಹತ್ತಿ ಲೆಕ್ಕ ಇಟ್ಟರು. ಮೊದಲ ವಾರ ದಾಟಿದವರು ಶೇ 77, ಎರಡು ವರ್ಷದ ನಂತರವೂ ಉಳಿಸಿಕೊಂಡವರು ಶೇ 19. 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅವರು, ಬದಲಾಗುವ ಆಸೆ ಇದ್ದೂ ಪಣ ತೊಡದವರನ್ನೂ ಜೊತೆಗಿಟ್ಟು ನೋಡಿದರು. ಆರು ತಿಂಗಳಿಗೆ ಪಣ ತೊಟ್ಟವರಲ್ಲಿ ಶೇ 46 ಮಂದಿ ಗೆದ್ದಿದ್ದರು, ತೊಡದವರಲ್ಲಿ ಶೇ 4. ಜನ ತಾವೇ ಹೇಳಿಕೊಂಡ ಲೆಕ್ಕವಿದು, ಸ್ವಲ್ಪ ಕಡಿಮೆ ಹಿಡಿದರೂ ಅಂತರ ದೊಡ್ಡದೇ.

ನಂಬಿಕೆ: ಒಂದು ದಿನ ತಪ್ಪಿದರೆ ಮುಗಿಯಿತು.

ಸತ್ಯ: ಅತಿ ಹೆಚ್ಚು ಪಣಗಳನ್ನು ಕೊಲ್ಲುವುದು ಈ ನಂಬಿಕೆಯೇ ಎಂದು ನನ್ನ ಗುಮಾನಿ. ಗುಟ್ಕಾ ಬಿಟ್ಟವನೊಬ್ಬನನ್ನು ನೆನೆಸಿಕೊಳ್ಳಿ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದರೆ ಪಾನ್ ಮಸಾಲೆಯದೊಂದು ಚೀಟಿ, ತಂಬಾಕಿನದೊಂದು ಚೀಟಿ ಅಂಗಡಿಗಳಲ್ಲಿ ಜೋಡಿಯಾಗಿ ತೂಗುತ್ತವೆ. ಎರಡನ್ನೂ ಹರಿದು ಅಂಗೈಯಲ್ಲಿ ಕೂಡಿಸಿದರೆ ಮುಗಿಯಿತು. ಎಂಟು ದಿನ ತಡೆದವನು ಒಂಬತ್ತನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯನ ಅಂಗೈಯಿಂದ ಒಂದು ಚಿಟಿಕೆ ತಗೊಂಡ. “ಹೆಂಗೂ ಮುರೀತಲ್ಲೋ, ಇನ್ನ ಯುಗಾದಿಗೆ ನೋಡೂಣು” ಎಂದ. ಆ ಚಿಟಿಕೆಗಿಂತ ಆ ಮಾತು ದುಬಾರಿ. ನಾರ್‌ಕ್ರಾಸ್ ಲೆಕ್ಕದಲ್ಲಿ ಕಡೆಗೂ ಗೆದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಶೇ 53ರಷ್ಟು, ನಡುವೆ ಜಾರಿದ್ದರು. ಎರಡು ವರ್ಷದಲ್ಲಿ ಸರಾಸರಿ 14 ಸಲ!

ಹೀಗೆ ನಡುವೆ ಜಾರುವುದನ್ನು ಜೈನ ಶಾಸ್ತ್ರಕಾರರು ಮೊದಲೇ ಎಣಿಸಿಟ್ಟಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಪ್ರತಿ ಅಣುವ್ರತಕ್ಕೂ ಐದೈದು ಅತಿಚಾರಗಳನ್ನು, ಎಂದರೆ ಜಾರುವ ಬಗೆಗಳನ್ನು, ಪಟ್ಟಿ ಮಾಡುತ್ತದೆ. ಎತ್ತಿನಂಥ ಪ್ರಾಣಿಗಳ ಮೇಲೆ ತಾಳಲಾರದಷ್ಟು ಭಾರ ಹೇರುವುದು, ಅವುಗಳ ಮೇವು-ನೀರು ತಡೆಯುವುದು ಅಹಿಂಸೆಗೆ ಅತಿಚಾರ. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ ಹಿಡಿಯುವುದು ಅಚೌರ್ಯಕ್ಕೆ. ಒಕ್ಕಲುತನ, ವ್ಯಾಪಾರ ಮಾಡುವವನು ಎಲ್ಲಿ ಜಾರುತ್ತಾನೆಂದು ಬಲ್ಲವರ ಪಟ್ಟಿಯಿದು. ಅತಿಚಾರವಾದರೆ ವ್ರತಕ್ಕೆ ಕಲೆ ತಗುಲುತ್ತದೆ, ವ್ರತ ಸಾಯುವುದಿಲ್ಲ. ತಪ್ಪನ್ನು ಒಪ್ಪಿ ಮತ್ತೆ ಹಾದಿಗೆ ಬರಲು ಪ್ರತಿಕ್ರಮಣವಿದೆ. ಯುಗಾದಿಯವರೆಗೆ ಕಾಯಲು ಅಲ್ಲಿ ಆಸ್ಪದವೇ ಇಲ್ಲ.

ನಂಬಿಕೆ: 21 ದಿನ ಬಿಡದೆ ಮಾಡಿದರೆ ರೂಢಿಯಾಗುತ್ತದೆ.

ಸತ್ಯ: ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಈ ಸಂಖ್ಯೆ ಹುಟ್ಟಿದ್ದು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕದಿಂದ. ಶಸ್ತ್ರಚಿಕಿತ್ಸೆಯ ನಂತರ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗೆ ಕಡಿಮೆಯೆಂದರೂ 21 ದಿನ ಬೇಕು ಎಂದಿದ್ದರು ಅವರು. ‘ಕಡಿಮೆಯೆಂದರೂ’ ಆಮೇಲೆ ಉದುರಿಹೋಯಿತು. ಲಂಡನ್ನಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ ರೂಢಿ ಕೂರಲು 18ರಿಂದ 254 ದಿನ ಬೇಕೆಂದು ಕಂಡಿತು, ನಡುವಿನ ಅಂಕಿ 66. ನಡುವೆ ಒಂದು ದಿನ ಬಿಟ್ಟದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಿರಲಿಲ್ಲ.

ನಂಬಿಕೆ: ಮನಸ್ಸು ಗಟ್ಟಿಯಿದ್ದರೆ ಸಾಕು, ಪಣ ತೊಟ್ಟರೆ ದೊಡ್ಡದನ್ನೇ ತೊಡಬೇಕು.

ಸತ್ಯ: ‘ದಿನಾ ನಡೀತೀನಿ’ ಎಂಬುದಕ್ಕಿಂತ ‘ನಸುಕಿನ ಚಹಾ ಕುಡಿದ ಕೂಡಲೇ ಕೆರೆ ದಂಡೆಯವರೆಗೆ ಹೋಗಿ ಬರ್ತೀನಿ’ ಎಂಬುದು ಹೆಚ್ಚು ಉಳಿಯುತ್ತದೆ. ಯಾವಾಗ, ಎಲ್ಲಿ ಎಂದು ಮೊದಲೇ ಕಟ್ಟಿಟ್ಟ ಸಂಕಲ್ಪದ ಬಲವನ್ನು ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಪ್ರಯೋಗಗಳಲ್ಲಿ ತೋರಿಸುತ್ತ ಬಂದಿದ್ದಾರೆ. ಬಿಡುವ ಪಣಕ್ಕಿಂತ ಹಿಡಿಯುವ ಪಣ ವಾಸಿ ಎಂದು 2020ರ ಸ್ವೀಡನ್ ಅಧ್ಯಯನ ಹೇಳುತ್ತದೆ: ವರ್ಷದ ಕೊನೆಗೆ ಹಿಡಿಯುವ ಪಣ ತೊಟ್ಟವರಲ್ಲಿ ಶೇ 59ರಷ್ಟು ಮಂದಿ ಗೆದ್ದಿದ್ದರು, ಬಿಡುವ ಪಣ ತೊಟ್ಟವರಲ್ಲಿ ಶೇ 47ರಷ್ಟು.

ಪಣ ದೊಡ್ಡದೇ ಆಗಬೇಕೆಂದೂ ಇಲ್ಲ. ಜೈನರಲ್ಲಿ ಜೀವಾವಧಿಯ ವ್ರತ ಯಮ, ಅವಧಿಯುಳ್ಳ ವ್ರತ ನಿಯಮ. ದೇಶವ್ರತ ಹಿಡಿದವನು ಈ ಮನೆ, ಈ ಹೊಲ, ಈ ಹೊಳೆಯ ಆಚೆಗೆ ಇಷ್ಟು ದಿನ ಹೋಗಲಾರೆ ಎಂದು ಗಡಿ ಹಾಕಿಕೊಳ್ಳುತ್ತಾನೆ. ಜೈನ ಕಥೆಗಳ ಯಮಪಾಲ ಗಲ್ಲಿಗೇರಿಸುವ ಕೆಲಸದವನು. ಅವನು ಹಿಡಿದದ್ದು ಚತುರ್ದಶಿಯ ದಿನ ಕೊಲ್ಲುವುದಿಲ್ಲ ಎಂಬ ಒಂದೇ ನೇಮ. ರಾಜಾಜ್ಞೆ ಬಂದರೂ ಬಿಡಲಿಲ್ಲ. ಅಹಿಂಸೆಗೆ ಉದಾಹರಣೆಯಾಗಿ ಪರಂಪರೆ ಹೇಳುವುದು ಅವನ ಹೆಸರನ್ನೇ. ಶ್ರಾವಣ ಮುಗಿಯುವವರೆಗೆ ಮಾಂಸ ಮುಟ್ಟದ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಂಬಿಕೆ: ಪಣ ಅವರವರ ಸ್ವಂತ ವಿಷಯ, ಒಬ್ಬರೇ ನಡೆಸಬೇಕು.

ಸತ್ಯ: ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ ಒಂದು. ಅಲುಗಾಡುತ್ತಿರುವವನನ್ನು ಮತ್ತೆ ನಿಲ್ಲಿಸುವುದು ಉಳಿದವರ ಧರ್ಮ. ಇದಕ್ಕೆ ಹೇಳುವ ಕಥೆ ರಾಜಪುತ್ರ ವಾರಿಷೇಣನದು. ಅವನ ಜೊತೆ ಸನ್ಯಾಸಿಯಾದ ಗೆಳೆಯ ಪುಷ್ಪಡಾಲನಿಗೆ 12 ವರ್ಷ ಕಳೆದರೂ ಹೆಂಡತಿಯ ನೆನಪೇ. ವಾರಿಷೇಣ ಅವನನ್ನು ತನ್ನ ಅರಮನೆಗೆ ಕರೆದೊಯ್ದು, ತಾನು ಬಿಟ್ಟುಬಂದ ಸಿರಿಯನ್ನೆಲ್ಲ ಮುಂದಿಟ್ಟು ತಗೋ ಎಂದ. ಗೆಳೆಯ ನಾಚಿ, ಗಟ್ಟಿಯಾದ.

ಅಂಥ ಗೆಳೆಯರು ಎಲ್ಲರಿಗೂ ಸಿಗುವುದಿಲ್ಲ. ತಂಬಾಕು ಬಿಡುವವರಿಗಾದರೂ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ.