ಸಜೆಸ್ಟ್ ಮಾಡುವಾಗ ‘ಯು ಟು’ ಬೇಡ

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪರೀಕ್ಷೆಯಲ್ಲಿ ಪತ್ರಲೇಖನ ತಪ್ಪಿದ್ದಲ್ಲ. ಅಳ್ನಾವರದಿಂದ ಧಾರವಾಡಕ್ಕೆ ಬರುವ ಬಸ್ಸಿನ ವೇಳೆ ಬದಲಿಸುವಂತೆ ಡಿಪೋ ಮ್ಯಾನೇಜರರಿಗೆ ಪತ್ರ ಬರೆಯಬೇಕಾಗಿದೆ ಎಂದುಕೊಳ್ಳೋಣ. ‘ಐ ಸಜೆಸ್ಟ್ ಯು ಟು ಚೇಂಜ್ ದ ಟೈಮ್’ ಎಂದು ಹಲವರು ಬರೆದುಬಿಡುತ್ತಾರೆ. ಅರ್ಥವೇನೋ ಆಗುತ್ತದೆ, ವ್ಯಾಕರಣ ಮಾತ್ರ ಒಪ್ಪುವುದಿಲ್ಲ.

ಈ ತಪ್ಪಿಗೆ ಎರಡು ಕಾರಣಗಳಿವೆ. ಕನ್ನಡದಲ್ಲಿ ‘ಬದಲಿಸಲು ಸೂಚಿಸಿದರು’ ಎನ್ನುತ್ತೇವೆ. ‘ಬದಲಿಸಲು’ ಎಂಬುದೇ ‘ಟು ಚೇಂಜ್’ ಆಗಿ ಇಂಗ್ಲಿಷಿಗೆ ನುಸುಳುತ್ತದೆ. ಎರಡನೆಯದಾಗಿ, ಅಡ್ವೈಸ್, ರಿಕ್ವೆಸ್ಟ್, ಆಸ್ಕ್ ಎಂಬ ಕ್ರಿಯಾಪದಗಳ ಮುಂದೆ ‘ಯು ಟು’ ಸರಿಯಾಗಿಯೇ ಬರುತ್ತದೆ. ಸಜೆಸ್ಟ್ ಆ ಸಾಲಿಗೆ ಸೇರಿದ್ದಲ್ಲ.

ಹಾಗಾದರೆ ಸರಿಯಾದ ರೂಪ ಯಾವುದು? ಎರಡು ದಾರಿಗಳಿವೆ. ಒಂದು: ‘ಐ ಸಜೆಸ್ಟ್ ಚೇಂಜಿಂಗ್ ದ ಟೈಮ್.’ ಇನ್ನೊಂದು: ‘ಐ ಸಜೆಸ್ಟ್ ದ್ಯಾಟ್ ದ ಬಸ್ ಲೀವ್ ಅಟ್ ಏಯ್ಟ್.’ ಬಸ್ ಏಕವಚನವಾದರೂ ಇಲ್ಲಿ ‘ಲೀವ್ಸ್’ ಅಲ್ಲ, ‘ಲೀವ್’. ಏಕೆಂದರೆ ನಡೆಯುತ್ತಿರುವುದನ್ನಲ್ಲ, ನಡೆಯಬೇಕಾದುದನ್ನು ಹೇಳುತ್ತಿದ್ದೇವೆ. ಗೊಂದಲವೆನಿಸಿದರೆ ‘ಶುಡ್ ಲೀವ್’ ಎಂದು ಬರೆಯಿರಿ, ಅದೂ ಸರಿಯೇ. ‘ಸಜೆಸ್ಟ್ ಮಿ ಎ ಬುಕ್’ ಎಂಬುದೂ ತಪ್ಪು. ‘ಸಜೆಸ್ಟ್ ಎ ಬುಕ್ ಟು ಮಿ’ ಎನ್ನಬೇಕು.

ನಿಯಮ ನೆನಪಿಡಲು ಧಾರವಾಡದ ಮಾತೇ ಸಾಕು. ‘ಹಿಂಗ ಮಾಡಿದ್ರ ಹ್ಯಾಂಗ್ರಿ?’ ಎಂದು ನಾವು ಕೇಳುವಾಗ ಎದುರಿನವರಿಗೆ ಅಪ್ಪಣೆ ಕೊಡುವುದಿಲ್ಲ, ಕೆಲಸವನ್ನಷ್ಟೇ ಮುಂದಿಡುತ್ತೇವೆ. ‘ಸಜೆಸ್ಟ್ ಚೇಂಜಿಂಗ್’ ಮಾಡುವುದೂ ಅದನ್ನೇ.

ಅರ್ಥದಲ್ಲಿಯೂ ಒಂದು ಮೋಸವಿದೆ. ನಿಘಂಟು ಸಜೆಸ್ಟ್ ಪದಕ್ಕೆ ‘ಸೂಚಿಸು’ ಎನ್ನುತ್ತದೆ. ಆದರೆ ನಮ್ಮ ಕಚೇರಿ ಕನ್ನಡದಲ್ಲಿ ‘ಸೂಚಿಸಲಾಗಿದೆ’ ಎಂದರೆ ಆದೇಶವೇ. ಪ್ರಶ್ನೆಪತ್ರಿಕೆಯ ಮೇಲಿನ ‘ಸೂಚನೆ’ಗಳನ್ನು ಪಾಲಿಸದೆ ಉಪಾಯವಿಲ್ಲ. ‘ಕರ ತುಂಬಲು ಪಾಲಿಕೆ ಸೂಚಿಸಿದೆ’ ಎಂಬ ವಾಕ್ಯಕ್ಕೆ ಸಜೆಸ್ಟೆಡ್ ಎಂದು ಹಾಕಿದರೆ, ಕರ ತುಂಬುವುದು ಬಿಡುವುದು ನಮ್ಮ ಇಷ್ಟ ಎಂದಾಗುತ್ತದೆ! ಅಲ್ಲಿ ‘ಡೈರೆಕ್ಟೆಡ್’ ಬೇಕು. ಇನ್ನು ಡಿಪೋ ಮ್ಯಾನೇಜರರಿಗೆ ಬರೆಯುವ ವಿದ್ಯಾರ್ಥಿ ಮೊದಲು ‘ಐ ರಿಕ್ವೆಸ್ಟ್ ಯು ಟು’ ಎಂದು ವಿನಂತಿಸಿ, ಆಮೇಲೆ ಸಲಹೆಗೆ ಸಜೆಸ್ಟ್ ಬಳಸುವುದು ಒಳ್ಳೆಯದು. ವಿನಂತಿ, ಸಲಹೆ, ಆದೇಶ ಇವು ಮೂರೂ ಬೇರೆ ಬೇರೆ. ಮುಂದೆ ನೌಕರಿಗೆ ಸೇರಿ ಮೇಲಧಿಕಾರಿಗೆ ಪತ್ರ ಬರೆಯುವಾಗ ಈ ಭೇದ ತಿಳಿಯದಿದ್ದರೆ ಹೋಗುವುದು ಒಂದು ಅಂಕವಲ್ಲ, ಪತ್ರದ ಮರ್ಯಾದೆ.

ತಮಗೆ ಇಂಗ್ಲಿಷ್ ಬಾರದೆಂದು ಪಾಲಕರು ಹಿಂಜರಿಯಬೇಕಿಲ್ಲ. ಮಗು ಪತ್ರ ಬರೆಯಲು ಕುಳಿತಾಗ ಕನ್ನಡದಲ್ಲಿಯೇ ಒಂದು ಪ್ರಶ್ನೆ ಕೇಳಿ: ‘ಇದು ಕೇಳಿಕೊಳ್ಳುವುದೋ, ಸಲಹೆ ಕೊಡುವುದೋ, ಅಪ್ಪಣೆ ಮಾಡುವುದೋ?’ ಅದಕ್ಕೆ ಉತ್ತರ ಸಿಕ್ಕರೆ ಯಾವ ಕ್ರಿಯಾಪದ ಬೇಕೆಂಬುದು ಮಗುವಿಗೇ ಹೊಳೆಯುತ್ತದೆ.