ಹಲ್ಲಿನ ಚಿಕಿತ್ಸೆ: ಅರಿವಳಿಕೆ ಚುಚ್ಚುಮದ್ದಿನ ನೋವನ್ನು ಕಡಿಮೆ ಮಾಡಲು ಕಂಪನದ ಬಳಕೆ

ಹಲ್ಲು ಕೀಳುವುದು, ಬೇರುನಾಳದ ಚಿಕಿತ್ಸೆ ಮುಂತಾದವುಗಳಿಗೆ ಮುನ್ನ ರೋಗಿಗೆ ಸ್ಥಳೀಯ ಅರಿವಳಿಕೆ ನೀಡಲಾಗುತ್ತದೆ. ಈ ಚುಚ್ಚುಮದ್ದಿನ ಭಯದಿಂದ ಚಿಕಿತ್ಸೆಯನ್ನೇ ಮುಂದೂಡುವವರಿದ್ದಾರೆ. ಹುಳುಕು ಹಲ್ಲನ್ನು ಹಾಗೆಯೇ ಬಿಟ್ಟಲ್ಲಿ ಸೋಂಕು ಬೇರಿಗಿಳಿದು ಕೀವು ಕಟ್ಟುವ, ದವಡೆ ಹಾಗೂ ಕುತ್ತಿಗೆಗೆ ಹರಡುವ ಸಂಭವವಿರುತ್ತದೆ. ಆದುದರಿಂದ ಈ ನೋವನ್ನು ತಗ್ಗಿಸುವ ಸರಳ ವಿಧಾನವೊಂದನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ನೋವು ಉಂಟಾಗಲು ಕಾರಣಗಳು

ಸೂಜಿಯ ಮೊನೆಯೊಂದೇ ನೋವಿಗೆ ಕಾರಣವಲ್ಲ. ಔಷಧವು ವೇಗವಾಗಿ ಒಳಸೇರಿದಾಗ ಉಂಟಾಗುವ ಒತ್ತಡ ಹಾಗೂ ಅಡ್ರಿನಾಲಿನ್ ಬೆರೆಸಿದ ಲಿಗ್ನೋಕೇನ್ ದ್ರಾವಣದ ಆಮ್ಲೀಯ ಗುಣವೂ ಕಾರಣಗಳಾಗಿವೆ. ಅಂಗುಳಿನ ಮೇಲ್ಪದರವು ಎಲುಬಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಲ್ಲಿ ನೋವು ಅಧಿಕ.

ಕಂಪನದ ಕಾರ್ಯವಿಧಾನ

ಪೆಟ್ಟು ಬಿದ್ದ ಜಾಗವನ್ನು ಉಜ್ಜಿಕೊಂಡಾಗ ನೋವು ಕಡಿಮೆಯೆನಿಸುವುದು ಎಲ್ಲರ ಅನುಭವ. ಇದಕ್ಕೆ ವೈಜ್ಞಾನಿಕ ವಿವರಣೆಯಾಗಿ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ‘ದ್ವಾರ ನಿಯಂತ್ರಣ ಸಿದ್ಧಾಂತ’ವನ್ನು ಮಂಡಿಸಿದರು. ಸ್ಪರ್ಶ ಹಾಗೂ ಕಂಪನದ ಸಂದೇಶಗಳು ದಪ್ಪ ನರತಂತುಗಳಲ್ಲಿಯೂ, ನೋವಿನ ಸಂದೇಶಗಳು ತೆಳು ನರತಂತುಗಳಲ್ಲಿಯೂ ಸಾಗುತ್ತವೆ. ದಪ್ಪ ತಂತುಗಳು ಚುರುಕಾದಾಗ, ನೋವಿನ ಸಂದೇಶವು ಮೆದುಳಿನ ಮೇಲ್ಭಾಗವನ್ನು ತಲುಪುವ ಮೊದಲೇ ದುರ್ಬಲಗೊಳ್ಳುತ್ತದೆ.

ಅನುಸರಿಸುವ ಕ್ರಮ

ಸೂಜಿ ಹಾಕುವ ಮುನ್ನವೇ ವೈದ್ಯರು ರೋಗಿಯ ತುಟಿ ಅಥವಾ ಕೆನ್ನೆಯನ್ನು ಬೆರಳುಗಳಿಂದ ಹಿಡಿದು ಅಲುಗಾಡಿಸಲು ಆರಂಭಿಸಿ, ಔಷಧ ಒಳಸೇರುವವರೆಗೂ ಮುಂದುವರಿಸುತ್ತಾರೆ. ಬ್ಯಾಟರಿಚಾಲಿತ ಕಂಪನ ಸಾಧನಗಳೂ ಲಭ್ಯವಿವೆ. ಸಾಧನವಿಲ್ಲದ ಚಿಕಿತ್ಸಾಲಯದಲ್ಲಿಯೂ ಬೆರಳಿನ ವಿಧಾನಕ್ಕೆ ಯಾವುದೇ ವೆಚ್ಚವಿಲ್ಲ. ಮರಗಟ್ಟಿಸುವ ಜೆಲ್ ಲೇಪಿಸುವುದು ಹಾಗೂ ಔಷಧವನ್ನು ನಿಧಾನವಾಗಿ, ಒಂದು ಮಿಲಿಲೀಟರಿಗೆ ಸುಮಾರು ಒಂದು ನಿಮಿಷದಂತೆ, ನೀಡುವುದು ಸಹ ಸಹಕಾರಿ.

ಹಲವು ಅಧ್ಯಯನಗಳಲ್ಲಿ ಕಂಪನದಿಂದ ನೋವು ತಗ್ಗಿರುವುದು ಕಂಡುಬಂದಿದೆ; ಕೆಲವು ಅಧ್ಯಯನಗಳಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ಕಂಪನವು ಅರಿವಳಿಕೆಗೆ ಪರ್ಯಾಯವಲ್ಲ ಎಂಬುದನ್ನು ಗಮನಿಸತಕ್ಕದ್ದು.

ಮಂಗಳೂರು ನಗರದ ನಾಗರಿಕರಿಗೆ ಸೂಚನೆಗಳು

ನಗರದ ಸರ್ಕಾರಿ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಹಾಗೂ ಲೈಟ್‌ಹೌಸ್ ಹಿಲ್ ರಸ್ತೆ ಮತ್ತು ದೇರಳಕಟ್ಟೆಯಲ್ಲಿರುವ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಹಲ್ಲಿನ ಚಿಕಿತ್ಸೆ ದೊರೆಯುತ್ತದೆ. ಚಿಕಿತ್ಸೆಗೆ ಹಾಜರಾಗುವವರು ಈ ಕೆಳಗಿನ ಅಂಶಗಳನ್ನು ಪಾಲಿಸುವುದು.

1. ಸೂಜಿಯ ಭಯವಿದ್ದಲ್ಲಿ ಸಂಕೋಚಪಡದೆ ವೈದ್ಯರಿಗೆ ಮೊದಲೇ ತಿಳಿಸಿ, ಕಂಪನ ವಿಧಾನದ ಬಗ್ಗೆ ವಿಚಾರಿಸುವುದು.

2. ಹೃದ್ರೋಗ, ರಕ್ತದೊತ್ತಡ, ಮಧುಮೇಹ, ಗರ್ಭಾವಸ್ಥೆ, ರಕ್ತ ತೆಳುವಾಗಿಸುವ ಮಾತ್ರೆಗಳ ಸೇವನೆ ಹಾಗೂ ಹಿಂದೆ ಔಷಧದಿಂದಾದ ಅಲರ್ಜಿಯ ವಿವರ ನೀಡುವುದು. ಹಳೆಯ ಔಷಧ ಚೀಟಿಗಳನ್ನು ಜೊತೆಗೆ ತರುವುದು.

3. ಚುಚ್ಚುಮದ್ದು ನೀಡುವಾಗ ತಲೆ ಅಲುಗಿಸದಿರುವುದು. ತೊಂದರೆಯೆನಿಸಿದಲ್ಲಿ ಕೈ ಎತ್ತಿ ಸೂಚಿಸುವ ಬಗ್ಗೆ ವೈದ್ಯರೊಡನೆ ಮೊದಲೇ ಮಾತನಾಡಿಕೊಳ್ಳುವುದು.

4. ಚಿಕಿತ್ಸೆಯ ನಂತರ ಮರಗಟ್ಟುವಿಕೆ ಇಳಿಯುವವರೆಗೆ ಬಿಸಿ ಪದಾರ್ಥ ಸೇವಿಸದಿರುವುದು. ಮಕ್ಕಳು ತುಟಿ, ನಾಲಿಗೆ ಕಚ್ಚಿಕೊಳ್ಳದಂತೆ ಪೋಷಕರು ನಿಗಾ ವಹಿಸುವುದು.

5. ಮುಖ ಅಥವಾ ಕುತ್ತಿಗೆಯಲ್ಲಿ ಊತ, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ, ಉಸಿರಾಟದ ತೊಂದರೆ ಕಂಡುಬಂದಲ್ಲಿ ವಿಳಂಬ ಮಾಡದೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ತೆರಳುವುದು.

ಚುಚ್ಚುಮದ್ದಿನ ನೋವು ಕೆಲವೇ ಕ್ಷಣಗಳದ್ದು. ಅದನ್ನೂ ತಗ್ಗಿಸಲು ಮಾರ್ಗಗಳಿವೆ. ಸಾರ್ವಜನಿಕರು ಸೂಜಿಯ ಭಯದಿಂದ ಹಲ್ಲಿನ ಚಿಕಿತ್ಸೆಯನ್ನು ಮುಂದೂಡದಿರಲು ಕೋರಲಾಗಿದೆ.