ಹದಿನೇಳು ದಾಟಿದವರ ಹಾಗ್ವರ್ಟ್ಸ್

ಸಮುದ್ರದ ನಡುವೆ ಬಂಡೆ, ಬಂಡೆಯ ಮೇಲೊಂದು ಮುರುಕಲು ಗುಡಿಸಲು, ಹೊರಗೆ ಬಿರುಗಾಳಿ. ನಡುರಾತ್ರಿ ಬಾಗಿಲು ಕಿತ್ತುಕೊಂಡು ಒಳಬರುವ, ಹಾಗ್ವರ್ಟ್ಸ್ ಎಂಬ ಮಾಂತ್ರಿಕ ಶಾಲೆಯ ಹ್ಯಾಗ್ರಿಡ್ ತನ್ನ ಕೋಟಿನೊಳಗಿಂದ ಒಂದು ಜಜ್ಜಿದ ಡಬ್ಬಿ ತೆಗೆಯುತ್ತಾನೆ. ಒಳಗೆ ಚಾಕೊಲೇಟ್ ಕೇಕ್, ಅದರ ಮೇಲೆ ಹಸಿರು ಐಸಿಂಗ್‌ನಲ್ಲಿ ಬರೆದ ಶುಭಾಶಯ. ಹನ್ನೊಂದು ತುಂಬಿದ ಹುಡುಗನಿಗೆ ಬುದ್ಧಿ ಬಂದಮೇಲೆ ಸಿಕ್ಕ ಮೊದಲ ನಿಜವಾದ ಹುಟ್ಟುಹಬ್ಬ ಅದು. ಹ್ಯಾರಿ ಪಾಟರ್‌ನ ಬದುಕು ಹೊರಳುವುದೇ ಅಲ್ಲಿಂದ.

1997ರ ಜೂನ್ 26ರಂದು ಲಂಡನ್ನಿನ ಬ್ಲೂಮ್ಸ್‌ಬರಿ ಸಂಸ್ಥೆ ಮೊದಲ ಪುಸ್ತಕ ಹೊರತಂದಾಗ ಗಟ್ಟಿ ರಟ್ಟಿನ ಪ್ರತಿಗಳು ಅಚ್ಚಾಗಿದ್ದು ಬರೀ 500. ಆಗ ಹ್ಯಾರಿಯ ವಯಸ್ಸಿನವರಾಗಿದ್ದ ಓದುಗರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. 2007ರ ಜುಲೈ 21ರಂದು ಏಳನೆಯ, ಕೊನೆಯ ಪುಸ್ತಕಕ್ಕಾಗಿ ಬೆಂಗಳೂರಿನ ಅಂಗಡಿಗಳ ಮುಂದೆ ಬೆಳ್ಳಂಬೆಳಗ್ಗೆ ಸಾಲು ನಿಂತ ಹೈಸ್ಕೂಲು ಮಕ್ಕಳು ಮನೆಸಾಲದ ಕಂತು ಕಟ್ಟುವ ವಯಸ್ಸಿಗೆ ಬಂದಿದ್ದಾರೆ. ಇವರಲ್ಲೊಬ್ಬರಿಗೆ ಮಾಂತ್ರಿಕ ಲೋಕದ ಹುಟ್ಟುಹಬ್ಬ ಮಾಡಬೇಕೆಂದರೆ ಅಂಗಡಿಯಿಂದ ಪೊರಕೆ, ಟೋಪಿ, ಪ್ಲಾಸ್ಟಿಕ್ ಕನ್ನಡಕ ತಂದು ಗೋಡೆಗೆ ಅಂಟಿಸಿದರೆ ಸಾಲದು. ಮಕ್ಕಳಿಗೆ ಅದು ಸಾಕು. ದೊಡ್ಡವರು ಆ ಪುಸ್ತಕಗಳ ಸಾಲು ಸಾಲನ್ನೂ ಮನಸ್ಸಿಗೆ ಇಳಿಸಿಕೊಂಡವರು. ಅವರು ಓದಿ ನೆನಪಿಟ್ಟುಕೊಂಡಿದ್ದನ್ನು ನೀವೂ ನೆನಪಿಟ್ಟುಕೊಂಡಿದ್ದೀರಿ ಎಂದು ತೋರಿಸುವುದೇ ಅವರಿಗೆ ಕೊಡುವ ಮರ್ಯಾದೆ. ಖರ್ಚು ಕಡಿಮೆ, ತಯಾರಿ ಜಾಸ್ತಿ.

ಮಾದರಿಗೆ ದೂರ ಹೋಗಬೇಕಿಲ್ಲ. ಮಾಂತ್ರಿಕರ ಲೋಕದಲ್ಲಿ ಹದಿನೇಳಕ್ಕೇ ಪ್ರಾಯಪ್ರಬುದ್ಧರು. ಹ್ಯಾರಿಯ ಹದಿನೇಳನೆಯ ಹುಟ್ಟುಹಬ್ಬವನ್ನು ಗೆಳೆಯ ರಾನ್‌ನ ಮನೆಯವರಾದ ವೀಸ್ಲಿಯರ ಅಂಗಳದಲ್ಲಿ ಹೇಗೆ ಮಾಡಿದರು ಎಂಬುದನ್ನು ಜೆ.ಕೆ. ರೌಲಿಂಗ್ ಕೊನೆಯ ಪುಸ್ತಕದಲ್ಲಿ ಬರೆದೇ ಇಟ್ಟಿದ್ದಾರೆ. ಮರಗಳಿಗೆ ನೇರಳೆ ಮತ್ತು ಚಿನ್ನದ ಬಣ್ಣದ ತೋರಣ, ಅತಿಥಿಗಳ ತಲೆಯ ಮೇಲೆ 17 ಎಂದು ಬರೆದ ನೇರಳೆ ಲಾಂದ್ರಗಳು, ಸ್ನಿಚ್ ಚೆಂಡಿನ ಆಕಾರದ ದೊಡ್ಡ ಕೇಕ್. ಹೊರಗೆ ಯುದ್ಧದ ಭಯ ಇದ್ದಾಗಲೂ ಬೇಕಾದವರೆಲ್ಲ ಒಂದೇ ಮೇಜಿಗೆ ಕೂತ ಸಂಜೆ ಅದು. ನೇರಳೆ ಕಾಗದದ ಲಾಂದ್ರದ ಮೇಲೆ 35 ಎಂದೋ 40 ಎಂದೋ ಬರೆದು ತೂಗುಹಾಕಿ ನೋಡಿ; ಓದಿದವರು ಒಳಗೆ ಕಾಲಿಟ್ಟ ತಕ್ಷಣ ಗುರುತು ಹಿಡಿಯುತ್ತಾರೆ.

ಎಲ್ಲರ ಹುಟ್ಟುಹಬ್ಬವೂ ಜುಲೈ 31ಕ್ಕೆ ಬರುವುದಿಲ್ಲವಲ್ಲ (ಅದು ಹ್ಯಾರಿಯದೂ ಹೌದು, ರೌಲಿಂಗ್ ಅವರದೂ ಹೌದು). ಹಾಗಾಗಿ ತಿಂಗಳು ನೋಡಿ ಅಧ್ಯಾಯ ಆರಿಸಿ. ಹ್ಯಾರಿಯ ಗೆಳೆಯರಲ್ಲಿ ಮಾರ್ಚ್ 1 ರಾನ್‌ನದು, ಸೆಪ್ಟೆಂಬರ್ 19 ಹರ್ಮಾಯಿನಿಯದು, ಜುಲೈ 30 ನೆವಿಲ್‌ನದು. ಸೆಪ್ಟೆಂಬರ್ ಮೊದಲ ವಾರವಾದರೆ ಕಿಂಗ್ಸ್ ಕ್ರಾಸ್ ನಿಲ್ದಾಣದ ರೈಲು, ಡಿಸೆಂಬರ್ ಆದರೆ ಯೂಲ್ ಬಾಲ್ ನೃತ್ಯಕೂಟ. ಅಕ್ಟೋಬರ್ ಕೊನೆಯಲ್ಲಿ ಹುಟ್ಟಿದವರು ಪುಣ್ಯವಂತರು, ಅವರಿಗೆ ನಿಕ್ ಎಂಬ ದೆವ್ವದ ಮರಣದಿನದ ಔತಣವೇ ಸಿಗುತ್ತದೆ. ಗೋರಿಯ ಆಕಾರದ ಬೂದುಬಣ್ಣದ ಕೇಕು, ಅದರ ಮೇಲೆ ಅವನು ಸತ್ತ ದಿನ: 1492ರ ಅಕ್ಟೋಬರ್ 31. ಅದು ಐನೂರನೆಯ ಮರಣದಿನವಾದ್ದರಿಂದ ಎರಡನೆಯ ಪುಸ್ತಕದ ಕಥೆ ನಡೆಯುವುದು 1992ರಲ್ಲಿ ಎಂದಾಯಿತು. ಅಲ್ಲಿಂದ ಹಿಂದಕ್ಕೆ ಎಣಿಸಿಯೇ ಓದುಗರು ಹ್ಯಾರಿ ಹುಟ್ಟಿದ ವರ್ಷ 1980 ಎಂದು ಲೆಕ್ಕ ಹಾಕಿದ್ದು. ಒಂದು ಕೇಕಿನ ಮೇಲಿನ ಬರಹದಿಂದ ಇಡೀ ಸರಣಿಯ ಪಂಚಾಂಗ ಬಿಡಿಸಿದ ಜನ ಇವರು. ಇವರನ್ನು ಮನೆಗೆ ಕರೆಯುವಾಗ ಸಣ್ಣ ವಿವರಗಳಲ್ಲಿ ಉದಾಸೀನ ಮಾಡಬಾರದು.

ಆಮಂತ್ರಣದಿಂದಲೇ ಅದು ಶುರುವಾಗಲಿ. ದಪ್ಪ ಬಾಂಡ್ ಕಾಗದವನ್ನು ನೀರು ಬೆರೆಸಿದ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ, ಹಳೆಯ ದಿನಪತ್ರಿಕೆಯ ಮೇಲೆ ಫ್ಯಾನಿನ ಕೆಳಗೆ ಒಣಗಿಸಿದರೆ ಚರ್ಮದ ಹಾಳೆಯ ಹಳದಿ ಬಣ್ಣ ತಾನಾಗಿ ಬರುತ್ತದೆ. ಅಲ್ಲಲ್ಲಿ ಒಂದೆರಡು ಹನಿ ಗಟ್ಟಿ ಡಿಕಾಕ್ಷನ್ ಬಿಟ್ಟರೆ ಕಲೆಗಳೂ ಮೂಡುತ್ತವೆ. ಪೂರ್ತಿ ಒಣಗಿದ ಮೇಲಷ್ಟೇ ಹಸಿರು ಶಾಯಿಯಲ್ಲಿ ಬರೆಯಿರಿ, ಇಲ್ಲವಾದರೆ ಶಾಯಿ ಹರಡುತ್ತದೆ. ನೇರಳೆ ಅರಗು ಕರಗಿಸಿ ಹಳೆಯ ಕೋಟಿನ ಗುಂಡಿಯೊತ್ತಿದರೆ ಮುದ್ರೆ. ಮುಖ್ಯವಾದ ಮಾತು ವಿಳಾಸದ್ದು. ಹ್ಯಾರಿಗೆ ಬಂದ ಪತ್ರದಲ್ಲಿ ಮನೆಯ ನಂಬರು ಮಾತ್ರವಲ್ಲ, ಅವನು ಮಲಗುವ ಮೆಟ್ಟಿಲ ಕೆಳಗಿನ ಕಪಾಟೂ ಇತ್ತು. ಯಾರೋ ತನ್ನನ್ನು ಅಷ್ಟು ಹತ್ತಿರದಿಂದ ಬಲ್ಲರು ಎಂಬ ರೋಮಾಂಚನ ಅಲ್ಲಿತ್ತು. ನೀವೂ ಗೆಳತಿಗೆ ‘ಮೂರನೇ ಮಹಡಿ, ಬಟ್ಟೆ ಒಣಹಾಕುವ ಬಾಲ್ಕನಿಯ ಪಕ್ಕದ ಕೋಣೆ, ಕಿಟಕಿಯ ಹತ್ತಿರದ ಬೆತ್ತದ ಕುರ್ಚಿ’ ಎಂದು ಬರೆಯಿರಿ. ಆ ಕಾಗದವನ್ನು ಅವಳು ಎಸೆಯುವುದಿಲ್ಲ.

ಪತ್ರ ತರಲು ಗೂಬೆ ಬೇಕಲ್ಲ ಎಂದು ಯಾರಾದರೂ ಹೇಳಿದರೆ ಅಲ್ಲಿ ಮಾತ್ರ ಗಟ್ಟಿಯಾಗಿ ಬೇಡವೆನ್ನಿ. 2010ರಲ್ಲಿ ಟ್ರಾಫಿಕ್ ಎಂಬ ವನ್ಯಜೀವಿ ವ್ಯಾಪಾರ ನಿಗಾ ಸಂಸ್ಥೆ ಭಾರತದ ಗೂಬೆ ಮಾರಾಟದ ಬಗ್ಗೆ ವರದಿ ಪ್ರಕಟಿಸಿತು. ಪಕ್ಷಿತಜ್ಞ ಅಬ್ರಾರ್ ಅಹ್ಮದ್ ಆ ತನಿಖೆಗೆ ಇಳಿಯಲು ಕಾರಣ, ಪರಿಚಯದ ಮಹಿಳೆಯೊಬ್ಬರು ಮಗನ ಹುಟ್ಟುಹಬ್ಬಕ್ಕೆ ಜೀವಂತ ಬಿಳಿ ಗೂಬೆ ತಂದುಕೊಡಿ ಎಂದು ಕೇಳಿದ್ದು. ಹ್ಯಾರಿಯ ಬಿಳಿ ಗೂಬೆ ಹೆಡ್ವಿಗ್‌ನ ಪ್ರಭಾವ. ವರದಿ ಬಿಡುಗಡೆಯ ಹೊತ್ತಿನಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಕೂಡ ಈ ಹೊಸ ಹುಚ್ಚಿನ ಬಗ್ಗೆ ಮಾತಾಡಿದ್ದರು. ನಮ್ಮ ಗೂಬೆಗಳನ್ನು ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮಾಟ, ಬಲಿ ಎಂದು ಮೊದಲೇ ಜನರ ಕೈಯಲ್ಲಿ ನಲುಗಿರುವ ಹಕ್ಕಿಗೆ ಅಭಿಮಾನಿಗಳ ಪ್ರೀತಿಯೂ ಉರುಳಾಗಬಾರದು. ಬಾಡಿಗೆಗೆ ಹಕ್ಕಿ ತರುತ್ತೇವೆ, ಫೋಟೊ ತೆಗೆಸಿಕೊಳ್ಳಿ ಎನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಗೂಬೆಯ ಜಾಗಕ್ಕೆ ಕಾಗದದ ಗೂಬೆ ಸಾಕು.

ಮನೆಯ ಅಲಂಕಾರದಲ್ಲಿ ನಾನು ಹಟ ಹಿಡಿಯುವುದು ಒಂದಕ್ಕೇ, ತೇಲುವ ಮೇಣದಬತ್ತಿಗೆ. ಮೊದಲ ಸಿನಿಮಾದಲ್ಲಿ ಹಾಗ್ವರ್ಟ್ಸ್‌ನ ಊಟದ ಸಭಾಂಗಣಕ್ಕೆ ನಿಜವಾದ ಮೇಣದಬತ್ತಿಗಳನ್ನು ತಂತಿಯಲ್ಲಿ ತೂಗುಹಾಕಿದ್ದರು. ಉರಿಯ ಶಾಖಕ್ಕೆ ತಂತಿ ಕಡಿದು ಬತ್ತಿಗಳು ಕೆಳಗೆ ಬೀಳತೊಡಗಿದ ಮೇಲೆ ಆ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿದರು. ನಮ್ಮ ಮನೆಗಳಿಗೆ ಬ್ಯಾಟರಿ ಬತ್ತಿಗಳೇ ಸರಿ. ಮೀನಿನ ಗಾಳದ ಪಾರದರ್ಶಕ ದಾರದಲ್ಲಿ ಎತ್ತರ ತಗ್ಗು ಮಾಡಿ ಕಟ್ಟಿ, ಟ್ಯೂಬ್‌ಲೈಟ್ ಆರಿಸಿ. ದಾರ ಮಾಯವಾಗುತ್ತದೆ.

ಟೋಪಿಯಿಟ್ಟು ಮನೆತನ ಹಂಚುವ ಆಟ ಮಕ್ಕಳ ಪಾರ್ಟಿಯಲ್ಲಿ ಚೆಂದ. ದೊಡ್ಡವರಿಗೆ ತಮ್ಮ ಮನೆತನ ಯಾವುದೆಂದು ಇಪ್ಪತ್ತು ವರ್ಷಗಳಿಂದ ಗೊತ್ತು. ಹಫಲ್‌ಪಫ್‌ನವಳನ್ನು ಚೀಟಿ ಎತ್ತಿಸಿ ಸ್ಲಿದರಿನ್‌ಗೆ ಕಳಿಸಿದರೆ ಸಂಜೆಯಿಡೀ ಅವಳು ಮುನಿಸಿಕೊಂಡಿರುತ್ತಾಳೆ, ಅದು ನ್ಯಾಯವೂ ಹೌದು. ಕಥೆಯಲ್ಲೂ ಟೋಪಿ ಹ್ಯಾರಿಯ ಇಚ್ಛೆಗೆ ಮಣಿಯಿತಲ್ಲವೇ? ಆಮಂತ್ರಣದಲ್ಲೇ ಕೇಳಿ ತಿಳಿದುಕೊಳ್ಳಿ. ರೇವನ್‌ಕ್ಲಾ ಮನೆತನದವರಿಗೆ ನೀಲಿ ಮತ್ತು ಕಂಚು ಕೊಡಿ. ಸಿನಿಮಾದಲ್ಲಿ ಅದು ಬೆಳ್ಳಿಯಾಗಿದ್ದು ಪುಸ್ತಕದವರಿಗೆ ಇನ್ನೂ ಸಮ್ಮತವಿಲ್ಲ.

ಮಂತ್ರದಂಡದಲ್ಲಿ ನಿಧಾನಿಸಿ. ಅಂಟಿನ ಗನ್ನಿನಿಂದ ಬಿದಿರಿನ ಊಟದ ಕಡ್ಡಿಯ ಹಿಡಿಯ ಭಾಗಕ್ಕೆ ಬಳ್ಳಿಯಂತೆ ಸುತ್ತು ಹಾಕಿ, ಒಣಗಿದ ಮೇಲೆ ಕಂದು ಬಣ್ಣ ಬಳಿದು, ಉಬ್ಬಿದ ಕಡೆ ಬೆರಳ ತುದಿಯಿಂದ ಒಂದಿಷ್ಟು ಚಿನ್ನದ ಬಣ್ಣ ಉಜ್ಜಿದರೆ ದಂಡ ಸಿದ್ಧ. ಆದರೆ ದಂಡಕ್ಕೆ ಜೀವ ಬರುವುದು ಅದರ ಮರದಿಂದ. ರೌಲಿಂಗ್ ಹ್ಯಾರಿಗೆ ಹಾಲಿ ಮರದ ದಂಡ ಕೊಟ್ಟಾದ ಮೇಲೆ, ಹುಟ್ಟಿದ ದಿನಕ್ಕೊಂದು ಮರ ಹೇಳುವ ಕೆಲ್ಟಿಕ್ ಪಟ್ಟಿಯಲ್ಲಿ ಜುಲೈ ಕೊನೆಗೆ ಹಾಲಿಯೇ ಇರುವುದನ್ನು ಕಂಡರಂತೆ. ಆಮೇಲೆ ಅದೇ ಪಟ್ಟಿ ಹಿಡಿದು ರಾನ್‌ಗೆ ಆ್ಯಶ್, ಹರ್ಮಾಯಿನಿಗೆ ದ್ರಾಕ್ಷಿಬಳ್ಳಿ ಕೊಟ್ಟರು.

ಹುಟ್ಟಿದ ಗಳಿಗೆಗೊಂದು ಮರ ಎನ್ನುವುದು ನಮಗೆ ಹೊಸದೇ? ಕರ್ನಾಟಕದ ಎಷ್ಟೋ ದೇವಸ್ಥಾನಗಳಲ್ಲಿ, ಉದ್ಯಾನಗಳಲ್ಲಿ ನಕ್ಷತ್ರವನಗಳಿವೆ. ಕೃತ್ತಿಕೆಗೆ ಅತ್ತಿ, ರೋಹಿಣಿಗೆ ನೇರಳೆ, ಪುನರ್ವಸುವಿಗೆ ಬಿದಿರು, ಮಖೆಗೆ ಆಲ, ಉತ್ತರಾಷಾಢಕ್ಕೆ ಹಲಸು, ರೇವತಿಗೆ ಹಿಪ್ಪೆ. ಪ್ರತಿ ಅತಿಥಿಯ ಜನ್ಮನಕ್ಷತ್ರ ಕೇಳಿಟ್ಟುಕೊಂಡು ದಂಡದ ಡಬ್ಬಿಯೊಳಗೆ ‘ನೇರಳೆ ಮರ, ಹನ್ನೊಂದು ಅಂಗುಲ, ಒಳಗೆ ಫೀನಿಕ್ಸ್ ಗರಿ’ ಎಂದು ಚೀಟಿ ಇಡಿ. ಇಂಗ್ಲೆಂಡಿನ ಕಥೆ, ನಮ್ಮ ಅಜ್ಜಿಯರ ಪಂಚಾಂಗ ಎರಡೂ ಯಾವ ಒತ್ತಾಯವೂ ಇಲ್ಲದೆ ಜೊತೆಗೂಡುವ ಜಾಗ ಇದು.

ಇನ್ನು ಆಟ. ರಸಪ್ರಶ್ನೆ ಹೇಗೂ ಇರುತ್ತದೆ. ಅದರಲ್ಲಿ ಒಂದು ಪ್ರಶ್ನೆ ನಮ್ಮ ನೆಲದ್ದಿರಲಿ. ಮಧ್ಯ ಪಶ್ಚಿಮಘಟ್ಟದ ಕಾನು ಕಾಡಿನಲ್ಲಿ ಸಿಕ್ಕ, ಒಣಎಲೆಯಂತೆ ಮುದುಡಿ ಕೂರುವ ಏಳು ಮಿಲಿಮೀಟರ್ ಉದ್ದದ ಜೇಡವನ್ನು 2016ರಲ್ಲಿ ಜಾವೇದ್ ಅಹ್ಮದ್, ರಾಜಶ್ರೀ ಖಲಪ್ ಮತ್ತು ಸುಮುಖ ಜೆ.ಎನ್. ಹೊಸ ಪ್ರಭೇದವೆಂದು ವಿವರಿಸಿದರು. ಅದರ ಆಕಾರ ಥೇಟ್ ಹಾಗ್ವರ್ಟ್ಸ್‌ನ ಟೋಪಿ. ಹಾಗಾಗಿ ಟೋಪಿಯ ಮೂಲ ಒಡೆಯ ಗಾಡ್ರಿಕ್ ಗ್ರಿಫಿಂಡರ್‌ನ ಹೆಸರಿನಿಂದ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಕರೆದರು. ರೌಲಿಂಗ್ ಅವರೂ ಅಭಿನಂದನೆ ತಿಳಿಸಿದ್ದರು.

ಆದರೆ ಸಂಜೆಯ ಮುಖ್ಯ ಆಟವಾಗಬೇಕಾದದ್ದು ಹಾಗ್ವರ್ಟ್ಸ್‌ನ ಅಧ್ಯಾಪಕ ಸ್ನೇಪ್‌ನ ಏಳು ಸೀಸೆಗಳ ಒಗಟು. ಮೊದಲ ಪುಸ್ತಕದಲ್ಲಿ ಹರ್ಮಾಯಿನಿ ಅದನ್ನು ತರ್ಕದಿಂದ ಬಿಡಿಸುತ್ತಾಳೆ. ಓದುಗರಿಗೆ ಮಾತ್ರ ಬಿಡಿಸಲು ಬರುವುದಿಲ್ಲ, ಏಕೆಂದರೆ ಅತಿ ದೊಡ್ಡ, ಅತಿ ಚಿಕ್ಕ ಸೀಸೆಗಳು ಸಾಲಿನಲ್ಲಿ ಎಲ್ಲಿವೆ ಎಂದು ಪುಸ್ತಕ ಹೇಳುವುದಿಲ್ಲ. ಮೇಜಿನ ಮೇಲೆ ನಿಜವಾದ ಸೀಸೆಗಳನ್ನಿಟ್ಟರೆ ಆ ಹಳೆಯ ಕೊರತೆ ನೀಗುತ್ತದೆ. ಮೂರರಲ್ಲಿ ವಿಷ, ಎರಡರಲ್ಲಿ ಮದ್ಯ, ಒಂದು ಮುಂದಕ್ಕೆ ದಾಟಿಸುವುದು, ಒಂದು ಹಿಂದಕ್ಕೆ ಕಳಿಸುವುದು. ಸುಳಿವುಗಳು ನಾಲ್ಕು. ಮದ್ಯದ ಎಡಪಕ್ಕದಲ್ಲಿ ಯಾವಾಗಲೂ ವಿಷ. ಎರಡು ತುದಿಯ ಸೀಸೆಗಳು ಬೇರೆ ಬೇರೆ, ಎರಡೂ ಮುಂದಕ್ಕೆ ದಾಟಿಸುವುದಿಲ್ಲ. ಅತಿ ಚಿಕ್ಕದರಲ್ಲೂ ಅತಿ ದೊಡ್ಡದರಲ್ಲೂ ವಿಷವಿಲ್ಲ. ಎಡದಿಂದ ಎರಡನೆಯದು, ಬಲದಿಂದ ಎರಡನೆಯದು ಎರಡರಲ್ಲೂ ಒಂದೇ ವಸ್ತು.

ಅತಿ ಚಿಕ್ಕ ಸೀಸೆಯನ್ನು ಎಡದಿಂದ ಮೂರನೆಯದಾಗಿ, ಅತಿ ದೊಡ್ಡದನ್ನು ಆರನೆಯದಾಗಿ ಇಡಿ. ಆಗ ಉತ್ತರ ಒಂದೇ: ವಿಷ, ಮದ್ಯ, ಮುಂದಕ್ಕೆ, ವಿಷ, ವಿಷ, ಮದ್ಯ, ಹಿಂದಕ್ಕೆ. ಆರನೆಯದು ದೊಡ್ಡದಾದ್ದರಿಂದ ವಿಷವಲ್ಲ, ಅದಕ್ಕೆ ಜೋಡಿ ಎರಡನೆಯದು, ಜೋಡಿಯಿರುವುದು ಮದ್ಯಕ್ಕೆ ಮಾತ್ರ. ಅಲ್ಲಿಂದ ಉಳಿದದ್ದು ಬಿಚ್ಚಿಕೊಳ್ಳುತ್ತದೆ. ವಿಷಕ್ಕೆ ಹಾಗಲಕಾಯಿ ರಸ, ಮದ್ಯಕ್ಕೆ ಪುನರ್ಪುಳಿ ಶರಬತ್ತು, ಉಳಿದೆರಡಕ್ಕೆ ನಿಂಬೆ ಪಾನಕ. ಬಣ್ಣ ನೋಡಿ ಯಾರೂ ಊಹಿಸದ ಹಾಗೆ ಸೀಸೆಗಳಿಗೆ ಕಪ್ಪು ಕಾಗದ ಸುತ್ತಿ. ಇದನ್ನು ಊಟಕ್ಕೆ ಮೊದಲೇ ಆಡಿಸಿ, ಹೊಟ್ಟೆ ತುಂಬಿದ ಮೇಲೆ ತರ್ಕ ಓಡುವುದಿಲ್ಲ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹ್ಯಾರಿಗೆ ಅತಿ ಇಷ್ಟ ಟ್ರೀಕಲ್ ಟಾರ್ಟ್. ಬ್ರೆಡ್ಡಿನ ಪುಡಿ, ನಿಂಬೆ, ಸಕ್ಕರೆ ಪಾಕದ ಆ ತಿನಿಸಿಗೆ ನಮ್ಮ ಜೋನಿಬೆಲ್ಲ ಚೆನ್ನಾಗಿ ಒಗ್ಗುತ್ತದೆ. ಬಟರ್‌ಬಿಯರ್ ಕಲ್ಪನೆಯೇ ಆದರೂ ಅದಕ್ಕೊಂದು ಹಿರಿಯ ಬಂಧು ಇದೆ: 16ನೇ ಶತಮಾನದ ಇಂಗ್ಲೆಂಡಿನಲ್ಲಿ ಬಿಯರಿಗೆ ಬೆಣ್ಣೆ, ಸಕ್ಕರೆ, ಮೊಟ್ಟೆಯ ಹಳದಿ, ಜಾಯಿಕಾಯಿ, ಲವಂಗ ಹಾಕಿ ಬಿಸಿಯಾಗಿ ಕುಡಿಯುತ್ತಿದ್ದರು. ಮನೆಯಲ್ಲಿ ಮಾಡುವುದಾದರೆ ಬಿಸಿ ಹಾಲು, ಬೆಣ್ಣೆ, ಬೆಲ್ಲ, ಜಾಯಿಕಾಯಿ. ಬೆಲ್ಲವನ್ನು ಒಲೆಯಿಂದ ಇಳಿಸಿ ಆರಿದ ಮೇಲೆ ಹಾಕಿ, ಇಲ್ಲವಾದರೆ ಹಾಲು ಒಡೆಯುತ್ತದೆ. ಜುಲೈ ಕೊನೆಯ ಮಳೆಗೆ ಇದಕ್ಕಿಂತ ಹಿತವಾದದ್ದು ಇಲ್ಲ.

ದೊಡ್ಡವರ ಪಾರ್ಟಿಯಲ್ಲಿ ಒಂದು ವಿಷಯ ಮುಚ್ಚಿಡಬಾರದು. 2020ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಕುರಿತು ರೌಲಿಂಗ್ ಬರೆದದ್ದರಿಂದ ಬಹಳ ಅಭಿಮಾನಿಗಳು ನೊಂದರು. ಸಿನಿಮಾಗಳಲ್ಲಿ ನಟಿಸಿದ ಡೇನಿಯಲ್ ರಾಡ್‌ಕ್ಲಿಫ್, ಎಮ್ಮಾ ವಾಟ್ಸನ್ ಅವರೂ ಬಹಿರಂಗವಾಗಿ ಭಿನ್ನಮತ ಹೇಳಿದರು. 2005ರಲ್ಲಿ ಅಮೆರಿಕದ ಮಿಡಲ್‌ಬರಿ ಕಾಲೇಜಿನಲ್ಲಿ ನೆಲದ ಮೇಲಿನ ಆಟವಾಗಿ ಹುಟ್ಟಿದ, ಕಥೆಯ ಪೊರಕೆಯಾಟ ಕ್ವಿಡಿಚ್ 2022ರಲ್ಲಿ ಕ್ವಾಡ್‌ಬಾಲ್ ಎಂದು ಹೆಸರು ಬದಲಿಸಿಕೊಂಡದ್ದಕ್ಕೂ ಟ್ರೇಡ್‌ಮಾರ್ಕ್ ಜೊತೆಗೆ ಇದೊಂದು ಕಾರಣ. ನಿಮ್ಮ ಗೆಳೆಯರಲ್ಲಿ ಯಾರಿಗಾದರೂ ಆ ಲೋಕದಿಂದ ಈಗ ನೋವಾಗುತ್ತದೆಯೇ ಎಂದು ಮೊದಲೇ ಒಬ್ಬೊಬ್ಬರೊಂದಿಗೂ ಬೇರೆಯಾಗಿ ಮಾತಾಡಿ ತಿಳಿದುಕೊಳ್ಳಿ. ಬೇಡವೆಂದರೆ ಒತ್ತಾಯ ಮಾಡಬೇಡಿ, ಅವರಿಗಾಗಿ ಬೇರೆ ಸಂಜೆ ಇರಲಿ.

ಮನೆಯೊಳಗಿನ ಹಬ್ಬಕ್ಕೆ ಕಾನೂನಿನ ಅಡ್ಡಿ ಬರುವುದಿಲ್ಲ. ಟಿಕೆಟ್ ಇಟ್ಟು ಮಾಡುವ ಕಾರ್ಯಕ್ರಮ ಬೇರೆ ಮಾತು. 2007ರ ದುರ್ಗಾಪೂಜೆಯಲ್ಲಿ ಕೋಲ್ಕತ್ತದ ಸಾಲ್ಟ್ ಲೇಕ್ ಬಡಾವಣೆಯವರು ಹಾಗ್ವರ್ಟ್ಸ್ ಕೋಟೆಯ ಪೆಂಡಾಲ್ ಹಾಕಿದಾಗ ರೌಲಿಂಗ್ ಮತ್ತು ವಾರ್ನರ್ ಬ್ರದರ್ಸ್ ದೆಹಲಿ ಹೈಕೋರ್ಟಿಗೆ ಹೋಗಿದ್ದರು. ಲಾಭಕ್ಕಾಗಿ ಮಾಡಿದ್ದಲ್ಲವೆಂದು ನ್ಯಾಯಾಲಯ ಹಬ್ಬ ಮುಗಿಯುವವರೆಗೆ ಪೆಂಡಾಲ್ ಉಳಿಸಿತು.

ಉಡುಗೊರೆಗೆ ಮತ್ತೆ ಹದಿನೇಳರ ಸಂಪ್ರದಾಯವೇ ದಾರಿ ತೋರುತ್ತದೆ. ಆ ವಯಸ್ಸಿಗೆ ಬಂದ ಮಾಂತ್ರಿಕರಿಗೆ ಕೈಗಡಿಯಾರ ಕೊಡುವುದು ಪದ್ಧತಿ. ಹ್ಯಾರಿಗೆ ಮಿಸೆಸ್ ವೀಸ್ಲಿ ಕೊಟ್ಟದ್ದು ಹೊಸದಲ್ಲ, ಸತ್ತುಹೋದ ತನ್ನ ಸಹೋದರ ಫೇಬಿಯನ್‌ನದು, ಹಿಂಭಾಗದಲ್ಲಿ ತಗ್ಗುಬಿದ್ದದ್ದು. ಹೊಸ ಸಾಮಾನಿನ ರಾಶಿ ತರುವ ಬದಲು ತಾವು ಬಳಸಿ ಜೋಪಾನ ಮಾಡಿದ ಒಂದೊಂದು ವಸ್ತು ತರಲು ಅತಿಥಿಗಳಿಗೆ ಹೇಳಿ: ಪೆನ್ನು, ಶಾಲು, ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿರುವ ಹಳೆಯ ಪುಸ್ತಕ. ಯಾಕೆ ಅದನ್ನೇ ಕೊಟ್ಟೆವೆಂದು ಡಿಕಾಕ್ಷನ್ ಕಾಗದದ ಮೇಲೆ ಎರಡು ಸಾಲು ಬರೆದು ಜೊತೆಗಿಡಲಿ. ಅದಕ್ಕಾಗಿ ಆಮಂತ್ರಣದ ಜೊತೆಗೇ ಒಂದು ಖಾಲಿ ಹಾಳೆಯನ್ನೂ ಕಳಿಸಿಬಿಡಿ.